ಚಳಿಗೆ ಹೆದರಿ ಸೈಕಲ್ ಮೂಲೆಗಿಟ್ಟರೆ ಶಾಲೆಯೂ ಮೂಲೆ ಸೇರುತ್ತದೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ನಮ್ಮ ತಾಳವಾಡಿ ಸೀಮೆಯ ಶಾಲೆಗಳಲ್ಲಿ ಹಾಜರಿ ಪುಸ್ತಕ ಸೊರಗತೊಡಗುತ್ತದೆ. ಸೋಮವಾರ ಇಬ್ಬರು ಇಲ್ಲ, ಮಂಗಳವಾರ ನಾಲ್ವರು ಇಲ್ಲ. ಏಕೆಂದು ವಿಚಾರಿಸಲು ಮನೆಗೆ ಹೋದರೆ ಉತ್ತರ ಸಿದ್ಧವಾಗಿರುತ್ತದೆ. “ಈ ಕಾವಳದಲ್ಲಿ ಸೈಕಲ್ ತುಳ್ಕಂಡು ಬಂದ್ರೆ ಮಗೀಗೆ ಸೀತ ಆಯ್ತದೆ ಮೇಷ್ಟ್ರೆ. ಸಂಕ್ರಾಂತಿ ಕಳೀಲಿ, ಕಳುಸ್ತೀವಿ.” ಇನ್ನೂ ಒಂದು ಹೆಜ್ಜೆ ಮುಂದೆ ಹೋದವರ ಮಾತು ಬೇರೆ. “ಪಕ್ಕದ ಮನೆ ಮಗೀಗೆ ವ್ಯಾನು ಬಾಗ್ಲಿಗೇ ಬತ್ತದೆ. ನಮ್ಮ ಮಗ ಮಾತ್ರ ಯಾಕೆ ಮಂಜಲ್ಲಿ ನೆನೀಬೇಕು? ಬರೋ ವರ್ಷ ಟೀಸಿ ಕೊಟ್ಬುಡಿ.”

ಈ ಎರಡು ಮಾತುಗಳ ನಡುವೆ ಇರುವ ದೂರ ಬಹಳ ಕಡಿಮೆ. ಮೊದಲನೆಯ ಮಾತು ಆಡಿದವರು ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಎರಡನೆಯ ಮಾತಿಗೆ ಬಂದು ನಿಲ್ಲುತ್ತಾರೆ. ಆದ್ದರಿಂದ ಈ ವಿಷಯವನ್ನು ನೆಗಡಿ, ಕೆಮ್ಮಿನ ವಿಷಯ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ನಾವು ಹೇಳಹೊರಟಿರುವುದು ಇಷ್ಟೇ. ಚಳಿಗಾಲದಲ್ಲಿ ಮಣ್ಣುಹಾದಿಯ ಮೇಲೆ ಸೈಕಲ್ ತುಳಿದು ಶಾಲೆಗೆ ಬರುವುದು ಮಕ್ಕಳಿಗೆ ಕೊಡುವ ಶಿಕ್ಷೆಯಲ್ಲ, ಬಡತನದ ಗುರುತೂ ಅಲ್ಲ. ಗಡಿನಾಡಿನಲ್ಲಿ ಐದನೇ ತರಗತಿಯ ಆಚೆಗೆ ಕನ್ನಡ ಉಳಿದಿರುವುದು ಬಹುಮಟ್ಟಿಗೆ ಆ ಎರಡು ಚಕ್ರಗಳ ಮೇಲೆ. ಆ ಸವಾರಿಯನ್ನು ಸುರಕ್ಷಿತವಾಗಿ ಮಾಡಬೇಕಾದವರು ಸುಮ್ಮನಿದ್ದು, ಸವಾರಿಯನ್ನೇ ನಿಲ್ಲಿಸಿ ಎನ್ನುವುದು ಯಾವ ನ್ಯಾಯ?

ನಮ್ಮ ಸೀಮೆಯನ್ನು ನೋಡದವರಿಗಾಗಿ ನಾಲ್ಕು ಮಾತು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಸತ್ಯಮಂಗಲದಿಂದ ಬರಬೇಕಾದರೆ ದಿಂಬಂ ಘಾಟಿಯ 27 ತಿರುವು ಹತ್ತಬೇಕು. ಚಾಮರಾಜನಗರ ಮಾತ್ರ ಪಕ್ಕದ ಮನೆಯಿದ್ದಂತೆ. ಹೊರಗಿನವರ ಪೈಕಿ ಹೆಚ್ಚಿನವರು ನಮ್ಮ ಹೆಸರು ಕೇಳಿದ್ದು 2000ದ ಜುಲೈ 30ರಂದು, ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದಾಗ. 108 ದಿನ ಎಲ್ಲ ಪತ್ರಿಕೆಗಳಲ್ಲೂ ನಾವಿದ್ದೆವು. ಅವರು ಬಿಡುಗಡೆಯಾದ ಮೇಲೆ ನಾವೂ ಸುದ್ದಿಯಿಂದ ಬಿಡುಗಡೆಯಾದೆವು! ಸುತ್ತಲೂ ಕಾಡು. 2013ರಲ್ಲಿ ಅದನ್ನು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನಡುವೆ ನಮ್ಮ ಹೊಲಗಳು, ಊರುಗಳು, ದೊಡ್ಡಿಗಳು. ರಾಗಿ, ಜೋಳ, ಅರಿಸಿನ, ಕೋಸು ಬೆಳೆಯುವ ಹೊಲಗಳ ನಡುವೆ ಹಾಯ್ದು ಹೋಗುವ ಬಂಡಿದಾರಿಗಳೇ ಮಕ್ಕಳ ಶಾಲೆಯ ದಾರಿ. ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಗೆ ಆ ದಾರಿ ಕೆಸರಾಗುತ್ತದೆ. ಡಿಸೆಂಬರಿಗೆ ಕೆಸರು ಒಣಗಿ ಬಂಡಿಯ ಜಾಡು, ಟ್ರಾಕ್ಟರಿನ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಬೆಳಗಿನ ಇಬ್ಬನಿ, ಎದುರಿಗೆ ಹತ್ತು ಮಾರು ಕಾಣದ ಮಂಜು. ಇದು ಚಳಿಗಾಲದ ನಮ್ಮ ಹಾದಿ.

ಚಳಿಯೇ ಇಲ್ಲ ಎಂದು ನಾವು ವಾದಿಸುವುದಿಲ್ಲ. ನಡೆಯುವವನಿಗಿಂತ ಸೈಕಲ್ ಮೇಲಿರುವವನಿಗೆ ಚಳಿ ಹೆಚ್ಚು ತಾಗುತ್ತದೆ ಎಂಬುದೂ ನಿಜ. ನಿಂತ ಗಾಳಿಯಲ್ಲೂ ಸೈಕಲ್ ತನ್ನ ಗಾಳಿಯನ್ನು ತಾನೇ ಎಬ್ಬಿಸುತ್ತದೆ. ಗಂಟೆಗೆ 15 ಕಿ.ಮೀ. ವೇಗದ ಗಾಳಿ ಬೀಸಿದರೆ 10 ಡಿಗ್ರಿಯ ಚಳಿ ಬರಿ ಮೈಗೆ ಸುಮಾರು 8 ಡಿಗ್ರಿಯಂತೆ ತಾಗುತ್ತದೆ ಎಂದು ಹವಾಮಾನದವರ ಲೆಕ್ಕ. ಎರಡು ಡಿಗ್ರಿ, ಅಷ್ಟೇ. ಆದರೆ ಕಾಲು ತುಳಿಯುತ್ತಿರುವುದರಿಂದ ಮೈ ಒಳಗಿನಿಂದ ಬಿಸಿಯಾಗುತ್ತದೆ. ಚಳಿ ಹಿಡಿಯುವುದು ಬೆರಳು, ಕಿವಿ, ಎದೆ, ಈ ಮೂರು ಕಡೆ. ಮೂರಕ್ಕೂ ಬೇಕಾದ್ದು ಹಳೆಯ ಕಾಲುಚೀಲದಿಂದ ಮಾಡಿದ ಕೈಚೀಲ, ಒಂದು ಮಫ್ಲರು, ಅಂಗಿಯ ಒಳಗೆ ಇನ್ನೊಂದು ಅಂಗಿ. ಇದಕ್ಕೆ ವ್ಯಾನು ಬೇಕಿಲ್ಲ.

ಸೀತ ಆಗುವ ಮಾತಿಗೆ ಬರೋಣ. ನೆಗಡಿ ಬರುವುದು ವೈರಸ್ಸಿನಿಂದ. ಒಬ್ಬರಿಂದ ಒಬ್ಬರಿಗೆ ಉಸಿರು, ಸೀನು, ಕೈಗಳ ಮೂಲಕ ಹರಡುತ್ತದೆ. ಬಯಲ ಗಾಳಿಯಲ್ಲಿ ಒಂದಾಳು ದೂರ ಬಿಟ್ಟು ಸೈಕಲ್ ತುಳಿಯುವ ಮಕ್ಕಳ ನಡುವೆ ಅದು ಹರಡುವುದು ಕಷ್ಟ. ಚಳಿಯೆಂದು ಗಾಜು ಏರಿಸಿ, ಮಕ್ಕಳನ್ನು ಒಬ್ಬರ ಮೇಲೊಬ್ಬರಂತೆ ತುಂಬಿಕೊಂಡು ಮುಕ್ಕಾಲು ಗಂಟೆ ಸುತ್ತುವ ವ್ಯಾನಿನಲ್ಲಿ ಬಹಳ ಸುಲಭ. 2020ರಲ್ಲಿ ಇಡೀ ಜಗತ್ತೇ ಈ ಪಾಠ ಕಲಿಯಿತು. ನಾವು ಮಾತ್ರ ಎರಡೇ ಚಳಿಗಾಲಕ್ಕೆ ಮರೆತೆವು. ಉಬ್ಬಸವಿರುವ ಮಕ್ಕಳ ವಿಷಯ ಬೇರೆ. ತಣ್ಣನೆಯ ಒಣಗಾಳಿ ಎಳೆದುಕೊಂಡು ದಣಿದರೆ ಅವರಿಗೆ ಎದೆ ಕಟ್ಟುತ್ತದೆ. ಅಂಥವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಧಾನವಾಗಿ ಬರಲಿ, ವೈದ್ಯರು ಬೇಡವೆಂದರೆ ಬರುವುದು ಬೇಡ. ಒಂದು ತರಗತಿಯಲ್ಲಿ ಅಂಥವರು ಒಬ್ಬಿಬ್ಬರು ಇರಬಹುದು. ಅವರ ಹೆಸರಿನಲ್ಲಿ ಉಳಿದವರೆಲ್ಲ ಹಾಸಿಗೆ ಬಿಡದಿದ್ದರೆ ಹೇಗೆ?

ಇಲ್ಲಿ ಒಂದು ಲೆಕ್ಕ ಮಾಡೋಣ. ನಾವು ಗಣಿತದ ಮೇಷ್ಟ್ರಲ್ಲದಿದ್ದರೂ ಇಷ್ಟು ಲೆಕ್ಕ ಬರುತ್ತದೆ. ಪ್ರೌಢಶಾಲೆ 6 ಕಿ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಬ್ಯಾಗು ಹೊತ್ತ ಮಗು ಗಂಟೆಗೆ 4 ಕಿ.ಮೀ. ನಡೆದರೆ ಒಂದೂವರೆ ಗಂಟೆ ಬೇಕು. ಮಣ್ಣುಹಾದಿಯಲ್ಲಿ ಗಂಟೆಗೆ 10 ಕಿ.ಮೀ. ತುಳಿದರೆ 36 ನಿಮಿಷ. ಹತ್ತನೇ ತರಗತಿಯವರಿಗೆ ಬೆಳಿಗ್ಗೆ 8ಕ್ಕೆ ವಿಶೇಷ ತರಗತಿ ಇಟ್ಟರೆ, ನಡೆಯುವ ಮಗು ಆರೂವರೆಗೆ ಮನೆ ಬಿಡಬೇಕು. ಜನವರಿಯಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ಹುಟ್ಟುವುದೇ ಆರು ಮುಕ್ಕಾಲರ ಸುಮಾರಿಗೆ. ಅಂದರೆ ನಡೆಯುವ ಮಗು ಹೊರಡುವುದು ಕತ್ತಲಲ್ಲಿ, ಸೈಕಲ್ ಇರುವ ಮಗು ಹೊರಡುವುದು ಏಳೂ ಇಪ್ಪತ್ತಕ್ಕೆ, ಬೆಳಕಿನಲ್ಲಿ. ಚಳಿಯಲ್ಲಿ ಕಳೆಯುವ ಹೊತ್ತು ಯಾರಿಗೆ ಹೆಚ್ಚು? ನೀವೇ ಹೇಳಿ.

ಸಂಕ್ರಾಂತಿ ಕಳೆಯಲಿ ಎನ್ನುವವರು ಒಂದು ವಿಷಯ ಗಮನಿಸಬೇಕು. ಅತಿ ಚಿಕ್ಕ ಹಗಲು ಡಿಸೆಂಬರ್ 22ರ ಸುಮಾರಿಗೆ ಬರುವುದು ನಿಜ. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ, ಸಂಕ್ರಾಂತಿ ಆದ ಮೇಲೆ. ಹಗಲು ಬೆಳೆಯತೊಡಗಿದರೂ ಆ ಬೆಳೆಯುವ ಹೊತ್ತೆಲ್ಲ ಮೊದಮೊದಲು ಸಂಜೆಗೆ ಸೇರುತ್ತದೆ, ಬೆಳಗಿಗಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅವರು ಸಂಕ್ರಾಂತಿಗೆ ಚಳಿ ಹೋಗುತ್ತದೆ ಎನ್ನಲಿಲ್ಲ. ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ಮುಂದೆ ಉಳಿಯುವುದು ಪರೀಕ್ಷೆ ಮಾತ್ರ.

ಇನ್ನು ನಾಚಿಕೆಯ ವಿಷಯ. ಹೇಳಲು ಬೇಸರ, ಆದರೆ ಹೇಳದೆ ವಿಧಿಯಿಲ್ಲ. ಸೈಕಲ್ ಎಂದರೆ ಇಲ್ಲದವರ ವಾಹನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದೇ ಹೊತ್ತಿಗೆ ಬೆಂಗಳೂರು, ಮೈಸೂರು, ಕೊಯಮತ್ತೂರಿನಂಥ ನಗರಗಳ ಜನ ಮಣ್ಣುಹಾದಿಯಲ್ಲಿ ಸೈಕಲ್ ತುಳಿಯಲು ಚಳಿಗಾಲವನ್ನೇ ಕಾಯುತ್ತಾರೆ. ಮಳೆ ಇರುವುದಿಲ್ಲ, ಬಿಸಿಲ ಬೇಗೆ ಇರುವುದಿಲ್ಲ, ಮೈ ಬೇಗ ದಣಿಯುವುದಿಲ್ಲ ಎಂದು. ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬಂದು, ಗುಡ್ಡದ ತಪ್ಪಲಿನಲ್ಲಿ ಇಳಿಸಿ, ಮಂಜಿನಲ್ಲಿ ಹತ್ತು ಮೈಲಿ ತುಳಿದು ಹೋಗುತ್ತಾರೆ. ಅವರ ಸೈಕಲ್ಲಿಗೆ ಗೇರು, ದಪ್ಪ ಟೈರು, ಡಿಸ್ಕ್ ಬ್ರೇಕು, ಹಿಂದೆ ಮುಂದೆ ದೀಪ. ತಲೆಗೆ ಹೆಲ್ಮೆಟ್ಟು. ಅವರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವರಿಂದ ಕಲಿಯುವುದೇ ಇದೆ. ನಮ್ಮ ಪ್ರಶ್ನೆ ನಮ್ಮವರಿಗೆ. ಅವರು ಮಾಡಿದರೆ ಸಾಹಸ, ನಮ್ಮ ಮಗಳು ಮಾಡಿದರೆ ಕರುಣೆಯ ವಿಷಯ, ಇದು ಹೇಗೆ? ಅವರು ತಿಂಗಳಿಗೊಮ್ಮೆ ಬರುವ ಹಾದಿಯಲ್ಲಿ ನಮ್ಮ ಮಗಳು ದಿನಕ್ಕೆರಡು ಸಲ ಹೋಗುತ್ತಾಳೆ. ಗೇರಿಲ್ಲದ ಭಾರದ ಸೈಕಲ್ಲಿನಲ್ಲಿ, ಬುತ್ತಿ ಬ್ಯಾಗು ಕಟ್ಟಿಕೊಂಡು. ನಾಚಬೇಕಾದವಳು ಅವಳಲ್ಲ.

ಆ ಸೈಕಲ್ಲು ಅವಳ ಕೈಯಲ್ಲೇ ಉಳಿಯುತ್ತದೆಯೇ ಎಂಬುದೂ ಒಂದು ಪ್ರಶ್ನೆ. ಸರ್ಕಾರ ಮಗಳಿಗೆಂದು ಕೊಟ್ಟ ಸೈಕಲ್ಲಿನ ಎರಡೂ ಬದಿ ಹಾಲಿನ ಕ್ಯಾನು ನೇತುಹಾಕಿ ಅಪ್ಪ ಡೇರಿಗೆ ಹೋದರೆ, ಅದರ ಮೇಲೆ ಹುಲ್ಲಿನ ಹೊರೆ ಬಂದರೆ, ಅವಳು ಏನು ತುಳಿಯಬೇಕು? ಚಳಿ ಹೆಚ್ಚಾದಾಗ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ರಾಗಿ ಒಕ್ಕಣೆ ಶುರುವಾದರೆ ಮತ್ತೆ ಅವಳೇ. ಎರಡಕ್ಕೂ ಕಾರಣ ಚಳಿ ಎಂದೇ ಹೇಳಲಾಗುತ್ತದೆ. ಅಣ್ಣ ಅದೇ ಚಳಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ!

ಸೈಕಲ್ಲು ಹುಡುಗಿಯರ ಓದನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆ ಇದೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ತಂದಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ 40 ಶೇಕಡಾ ಇಳಿದಿತ್ತು. ಹೆಚ್ಚು ಲಾಭವಾದದ್ದು ಶಾಲೆಯಿಂದ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಿಗೆ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮದೇ ರಾಜ್ಯದ ಪುದುಕ್ಕೋಟೆ ಜಿಲ್ಲೆ ಇದೆ. 1990ರ ದಶಕದ ಮೊದಲಲ್ಲಿ ಅಕ್ಷರ ಚಳವಳಿಯ ಜೊತೆಗೆ ಅಲ್ಲಿನ ಬಡ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅಂದಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅದಕ್ಕೆ ಬೆನ್ನು ಕೊಟ್ಟರು. ನಕ್ಕವರು, ಕೆಟ್ಟದಾಗಿ ಆಡಿಕೊಂಡವರು ಬೇಕಾದಷ್ಟು ಜನ ಇದ್ದರು. ಹೆಂಗಸರು ಇಳಿಯಲಿಲ್ಲ.

ಕನ್ನಡ ಶಾಲೆಯ ಮಕ್ಕಳಿಗೆ ಈ ದೂರದ ಪ್ರಶ್ನೆ ಎರಡರಷ್ಟು. ಶಿಕ್ಷಣ ಹಕ್ಕಿನ ನಿಯಮ ಏನು ಹೇಳುತ್ತದೆ? 1ರಿಂದ 5ನೇ ತರಗತಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಶಾಲೆ ಇರಬೇಕು, ಅಷ್ಟೇ. ಯಾವ ಮಾಧ್ಯಮದ್ದು ಎಂದು ನಿಯಮ ಕೇಳುವುದಿಲ್ಲ. ಅದು ದೂರ ಅಳೆಯುತ್ತದೆ, ಭಾಷೆ ಅಳೆಯುವುದಿಲ್ಲ. ಹತ್ತಿರದಲ್ಲಿ ತಮಿಳು ಮಾಧ್ಯಮದ ಶಾಲೆ ಇದ್ದರೆ ನಿಯಮ ಪಾಲನೆಯಾಯಿತು, ಕಡತ ಮುಚ್ಚಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಿ ಎನ್ನುತ್ತದೆ. ಆದರೆ ಪ್ರಾಥಮಿಕ ಹಂತದಲ್ಲಿ ಎನ್ನುತ್ತದೆ. ಐದು ಮುಗಿಸಿದ ಮಗು ಮುಂದೆಯೂ ಕನ್ನಡದಲ್ಲೇ ಓದಬೇಕೆಂದರೆ ದೂರ ಹೋಗಲೇಬೇಕು. 2006ರ ಕಾಯ್ದೆಯ ನಂತರ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ. ಕಲಿಯಲಿ, ಬದುಕುವ ರಾಜ್ಯದ ನುಡಿ ಬೇಕು, ತಕರಾರಿಲ್ಲ. ನಮ್ಮ ತಕರಾರು ಇರುವುದು ದೂರದ ಕಾರಣಕ್ಕೆ ಕನ್ನಡ ಬಿಟ್ಟುಹೋಗುವುದರ ಬಗ್ಗೆ.

ಬಿಟ್ಟುಹೋದರೆ ಏನಾಗುತ್ತದೆ ಎಂಬುದು ಶಾಲೆಯ ಒಳಗಿದ್ದವರಿಗೆ ಗೊತ್ತು. ಹುದ್ದೆಗಳು ನಿಂತಿರುವುದು ತಲೆ ಎಣಿಕೆಯ ಮೇಲೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬುದು ಕಾನೂನಿನ ಲೆಕ್ಕ. ನೂರಾರು ಮಕ್ಕಳಿರುವ ಶಾಲೆಯಲ್ಲಿ ನಾಲ್ಕು ಮಕ್ಕಳು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಂಥ ಕನ್ನಡ ವಿಭಾಗದಲ್ಲಿ ನಾಲ್ಕು ಮಕ್ಕಳು ಹೋದರೆ ಒಂದು ಹುದ್ದೆ ಅಲುಗಾಡುತ್ತದೆ. ಹುದ್ದೆ ಹೋದರೆ ಮಿಕ್ಕವರಿಗೆ ಪಾಠ ಮಾಡುವವರಿಲ್ಲ. ಪಾಠವಿಲ್ಲದ ಶಾಲೆಗೆ ಬರುವ ವರ್ಷ ಯಾರು ಸೇರಿಸುತ್ತಾರೆ? ಹೀಗೆ ಮುಚ್ಚುವ ಶಾಲೆಗೆ ಯಾರೂ ಬೀಗ ಹಾಕಲು ಬರುವುದಿಲ್ಲ, ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಂಜಿಗೆ ಹೆದರಿ ಮೂಲೆ ಸೇರಿದ ನಾಲ್ಕು ಸೈಕಲ್ಲುಗಳ ಬೆಲೆ ಇದು.

ಈಗ ಎದುರುವಾದದಲ್ಲಿ ನಿಜವಾದ ತೂಕ ಇರುವ ಮಾತಿಗೆ ಬರೋಣ. ಆನೆ. ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಾಗಿ ತೆನೆ ಬಲಿತಾಗ, ಕಬ್ಬು, ಬಾಳೆ ಇರುವ ಕಡೆ ಆನೆಗಳು ರಾತ್ರಿ ಹೊಲಕ್ಕೆ ಇಳಿದು ನಸುಕಿನಲ್ಲಿ ಕಾಡಿಗೆ ಮರಳುತ್ತವೆ. ಮಂಜಿನಲ್ಲಿ ಅವು ಮಕ್ಕಳಿಗೆ ಕಾಣುವುದಿಲ್ಲ. ಸೈಕಲ್ಲಿಗೆ ಸದ್ದಿಲ್ಲದ್ದರಿಂದ ಮಕ್ಕಳು ಬರುವುದು ಅವಕ್ಕೆ ತಿಳಿಯುವುದಿಲ್ಲ. ತೀರ ಹತ್ತಿರ ಬಂದ ಮೇಲೆ ಇಬ್ಬರೂ ಬೆಚ್ಚುತ್ತಾರೆ. ಅಪಾಯ ಇರುವುದು ಅಲ್ಲಿ. ಕಾಡಂಚಿನ ಹಾದಿಯಲ್ಲಿ ಬೆಳಕು ಹರಿಯುವ ಮೊದಲು, ಸಂಜೆಗತ್ತಲಾದ ಮೇಲೆ ಯಾವ ಮಗುವೂ ಸೈಕಲ್ಲಿನಲ್ಲಿ ಹೋಗಬಾರದು. ಕಾಡಿನೊಳಗೆ ಹಾಯುವ ದಾರಿಯಲ್ಲಿ ಹಗಲಿನಲ್ಲೂ ಬೇಡ. ಆ ಊರುಗಳ ಮಕ್ಕಳಿಗೆ ಬಸ್ಸು ಬೇಕು. ವಿದ್ಯಾರ್ಥಿಗಳಿಗೆ ಉಚಿತ ಬಸ್ ಪಾಸು ಕೊಡುವ ರಾಜ್ಯವಿದು. ಬಸ್ಸೇ ಇಲ್ಲದ ಊರಿಗೆ ಪಾಸು ಕೊಟ್ಟು ಏನು ಫಲ? ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿ ಎಂದು ಕೇಳುವುದು ನಮ್ಮ ಹಕ್ಕು.

ಆದರೆ ಆನೆಯ ಮಾತನ್ನು ಆನೆ ಇಲ್ಲದ ಕಡೆಗೂ ಎಳೆಯಬಾರದು. ಊರಿನಿಂದ ಊರಿಗೆ ಹೊಲಗಳ ನಡುವೆ ಹೋಗುವ ಹಾದಿ ಬೇರೆ, ಕಾಡಿನ ಹಾದಿ ಬೇರೆ. ಎರಡನ್ನೂ ಒಂದೇ ಮಾಡಿ, ಎಲ್ಲ ಮಕ್ಕಳನ್ನೂ ಸೈಕಲ್ಲಿನಿಂದ ಇಳಿಸಿ ವ್ಯಾನಿಗೆ ಹತ್ತಿಸುವುದರಿಂದ ಆನೆಗೇನೂ ಆಗುವುದಿಲ್ಲ, ಕನ್ನಡ ಶಾಲೆಗೆ ಆಗುತ್ತದೆ.

ಆನೆಯ ಅಪಾಯವನ್ನು ಕಡಿಮೆ ಮಾಡುವ ಸುಲಭ ದಾರಿ ಶಾಲೆಯ ಕೈಯಲ್ಲೇ ಇದೆ. ಅದು ಗಡಿಯಾರ. ಡಿಸೆಂಬರ್, ಜನವರಿ ಎರಡು ತಿಂಗಳು ಬೆಳಗಿನ ವಿಶೇಷ ತರಗತಿ 8ಕ್ಕೆ ಬೇಡ, ಎಂಟೂವರೆಗೆ ಇಡಿ. ಸಂಜೆಯ ತರಗತಿ ಐದಕ್ಕೆ ಮುಗಿಸಿ. ನವೆಂಬರಿನ ಕೊನೆ, ಡಿಸೆಂಬರಿನ ಮೊದಲಲ್ಲಿ ಸೂರ್ಯ ಆರಕ್ಕೂ ಮೊದಲೇ ಮುಳುಗುತ್ತಾನೆ. ಐದೂವರೆಗೆ ಬಿಟ್ಟರೆ 6 ಕಿ.ಮೀ. ದೂರದ ಮಗು ಸೈಕಲ್ಲಿನಲ್ಲೂ ಬೆಳಕಿರುವಾಗ ಮನೆ ಮುಟ್ಟದು. ಫಲಿತಾಂಶದ ಶೇಕಡಾವಾರು ನೋಡುವವರು ಈ ಅರ್ಧ ಗಂಟೆಯನ್ನು ಬಿಟ್ಟುಕೊಡಬೇಕು. ಇದು ಶಿಕ್ಷಕರಾದ ನಮಗೂ ಸೇರಿದ ಮಾತು.

ಸರ್ಕಾರಕ್ಕೆ ಹೇಳಬೇಕಾದ್ದೂ ಇದೆ. ತಮಿಳುನಾಡು ಉಚಿತ ಸೈಕಲ್ ಕೊಡುತ್ತದೆ, ಅದಕ್ಕೆ ನಾವು ಕೃತಜ್ಞರು. ಆದರೆ ಕೊಡುವುದು ಹನ್ನೊಂದನೇ ತರಗತಿಗೆ ಬಂದವರಿಗೆ. ದೂರ ಶುರುವಾಗುವುದು ಆರನೇ ತರಗತಿಗೆ. ನಡುವಿನ ಐದು ವರ್ಷ ಮಗು ಏನು ಮಾಡಬೇಕು? ಅಣ್ಣನ ಹಳೆಯ ಸೈಕಲ್ಲಿಗೆ ಒಳಪೆಡ್ಲು ಹೊಡೆಯುತ್ತಾ, ಸೀಟು ಎಟುಕದೆ, ಬ್ರೇಕು ಹಿಡಿಯದೆ ಬರುತ್ತದೆ. ಬಿದ್ದರೆ ತಪ್ಪು ಚಳಿಯ ಮೇಲೆ. ಕರ್ನಾಟಕ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿತು. ಅದು ಸರಿಯಾದ ವಯಸ್ಸು. ಕೋವಿಡ್ ಬಂದಾಗ ಅದೂ ನಿಂತಿತು. ಗಡಿಯ ಎರಡೂ ಕಡೆಯ ಮಕ್ಕಳ ಪರವಾಗಿ ನಾವು ಕೇಳುವುದು ಒಂದೇ. ದೂರ ಎಲ್ಲಿ ಶುರುವಾಗುತ್ತದೋ ಅಲ್ಲೇ ಸೈಕಲ್ ಕೊಡಿ. ಮಗುವಿನ ಎತ್ತರಕ್ಕೆ ತಕ್ಕದ್ದು ಕೊಡಿ. ಹಿಂದೆ ಕೆಂಪು ಹೊಳಪಿನ ಪಟ್ಟಿ, ಮುಂದೆ ಒಂದು ದೀಪ ಇಟ್ಟು ಕೊಡಿ. ನಮ್ಮ ತಾತಂದಿರ ಸೈಕಲ್ಲಿಗೆ ಡೈನಮೋ ದೀಪ ಇತ್ತು. ಮೊಮ್ಮಕ್ಕಳ ಸೈಕಲ್ಲಿಗೆ ಅದೂ ಇಲ್ಲ ಎಂದರೆ ಇದೇನು ಪ್ರಗತಿ?

ಊಟದ ಮಾತೂ ಇದೆ. 2022ರ ಸೆಪ್ಟೆಂಬರಿನಲ್ಲಿ ಶುರುವಾದ ಬೆಳಗಿನ ಉಪಾಹಾರ ಯೋಜನೆ ಬಹಳ ಒಳ್ಳೆಯದು. ಆದರೆ ಅದು ಐದನೇ ತರಗತಿಯವರೆಗೆ. ಊರಿನಲ್ಲೇ ಇರುವ ಶಾಲೆಗೆ ನಡೆದು ಬರುವ ಮಗುವಿಗೆ ಬಿಸಿ ಉಪ್ಪಿಟ್ಟು ಸಿಗುತ್ತದೆ. ಮಂಜಿನಲ್ಲಿ 6 ಕಿ.ಮೀ. ತುಳಿದು ಬರುವ ಏಳನೇ ತರಗತಿಯ ಮಗು ಮಧ್ಯಾಹ್ನದವರೆಗೆ ಕಾಯಬೇಕು. ಚಳಿಯಲ್ಲಿ ದುಡಿಯುವ ಮೈಗೆ ಮೊದಲು ಬೇಕಾದ್ದು ಹೊಟ್ಟೆಗೆ. ಕನಿಷ್ಠ ಚಳಿಗಾಲದ ಮೂರು ತಿಂಗಳಾದರೂ ಇದನ್ನು ಎಂಟನೇ ತರಗತಿಯವರೆಗೆ ವಿಸ್ತರಿಸಲಿ. ಮನೆಯವರೂ ಮಗುವನ್ನು ಬರಿ ಕಾಫಿ ಕುಡಿಸಿ ಕಳುಹಿಸಬೇಡಿ. ರಾಗಿ ಅಂಬಲಿ ಎಲ್ಲರ ಮನೆಯಲ್ಲೂ ಇದೆ.

ಗಡಿಯಾಚೆಯಿಂದ ಬರುವ ಅಭಿಮಾನಿಗಳಿಗೂ ಒಂದು ವಿನಂತಿ. ನವೆಂಬರಿನಲ್ಲಿ ನೀವು ಬರುತ್ತೀರಿ, ಬಾವುಟ ಹಾರಿಸುತ್ತೀರಿ, ನಮ್ಮಂಥವರಿಗೆ ಶಾಲು ಹೊದಿಸುತ್ತೀರಿ. ಸಂತೋಷ. ಆದರೆ ಶಾಲು ಬೇಕಾದವರು ನಾವಲ್ಲ. ಅದೇ ಹಣದಲ್ಲಿ ಶಾಲೆಗೊಂದು ಗಾಳಿ ಪಂಪು, ಪಂಕ್ಚರು ಹಾಕುವ ಸಾಮಾನು, ಹತ್ತು ಜೊತೆ ಬ್ರೇಕ್ ರಬ್ಬರು ತನ್ನಿ. ಭಾಷಣಕ್ಕಿಂತ ಅದು ಹೆಚ್ಚು ದೂರ ಹೋಗುತ್ತದೆ.

ಫಿನ್ಲೆಂಡ್ ದೇಶದಲ್ಲಿ ಔಲು ಎಂಬ ಊರಿದೆ. ಅಲ್ಲಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಹಿಮದ ಮೇಲೆ, ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆಯೇ 2013ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿನ ಮಕ್ಕಳ ಮೈ ಕಬ್ಬಿಣದ್ದೇನೂ ಅಲ್ಲ. ನಗರಸಭೆ ಸೈಕಲ್ ಹಾದಿಯ ಹಿಮವನ್ನು ಹೊತ್ತಿಗೆ ಸರಿಯಾಗಿ ತೆಗೆಯುತ್ತದೆ, ಹಾದಿಗೆ ದೀಪ ಹಾಕಿದೆ. ನಮ್ಮಲ್ಲಿ ತೆಗೆಯಲು ಹಿಮವಿಲ್ಲ. ನವೆಂಬರ್ ಮಳೆ ನಿಂತ ಮೇಲೆ ಪಂಚಾಯಿತಿಯವರು ಶಾಲೆಯ ಹಾದಿಯ ಕೊರಕಲು ಮುಚ್ಚಿ, ಜಾಡು ಸಮ ಮಾಡಿ, ಬದಿಯ ಮುಳ್ಳು ಸವರಿದರೆ ಸಾಕು. ಒಂದು ವಾರದ ಕೆಲಸ. ಚುನಾವಣೆಯ ಹೊತ್ತಿಗೆ ಮತ ಕೇಳಲು ಅದೇ ಹಾದಿಯಲ್ಲಿ ಜೀಪು ಬರುತ್ತದಲ್ಲ?

ಕೊನೆಗೆ ನಮ್ಮ ಕೈಯಲ್ಲಿರುವ ಕೆಲಸ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ. ಮಂಜಿನಲ್ಲಿ ರಿಮ್ಮು ಒದ್ದೆಯಾಗುತ್ತದೆ. ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದಿಲ್ಲ, ಜಾರುತ್ತದೆ. ಇಳಿಜಾರು ಬರುವ ಮೊದಲೇ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿದರೆ ನೀರು ಒರೆಸಿಹೋಗುತ್ತದೆ. ಇದನ್ನು ಪ್ರತಿ ಮಗುವಿಗೂ ಕಲಿಸಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು, ಎರಡನ್ನೂ ಸೇರಿಸಿ ಒತ್ತಬೇಕು. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದರೆ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಹಾಗೆಂದು ಪೂರ್ತಿ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಕಚ್ಚಿಕೊಳ್ಳುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಇರಲಿ. ಗಟ್ಟಿಯಾದ ಟ್ರಾಕ್ಟರ್ ಜಾಡಿಗೆ ಓರೆಯಾಗಿ ಚಕ್ರ ಇಳಿಸಿದರೆ ಬೀಳುವುದು ಖಂಡಿತ. ಇಳಿದು ತಳ್ಳಿಕೊಂಡು ದಾಟುವುದರಲ್ಲಿ ಅವಮಾನವಿಲ್ಲ. ಒಬ್ಬೊಬ್ಬರೇ ಬರಬೇಡಿ, ಐದಾರು ಮಂದಿ ಸೇರಿ ಬನ್ನಿ, ದೊಡ್ಡವರು ಮುಂದೆ ಮತ್ತು ಹಿಂದೆ, ಚಿಕ್ಕವರು ನಡುವೆ. ಗಂಟೆ ಬಾರಿಸುತ್ತಾ, ಮಾತಾಡುತ್ತಾ ಬನ್ನಿ. ವಾರಕ್ಕೊಮ್ಮೆ ಕಾರ್ಯಾನುಭವದ ಪೀರಿಯಡ್ಡಿನಲ್ಲಿ ಚೈನಿಗೆ ಎಣ್ಣೆ, ಬ್ರೇಕಿನ ತಂತಿ, ಚಕ್ರದ ಕಡ್ಡಿ ನೋಡುವುದನ್ನು ಮಕ್ಕಳೇ ಮಾಡಲಿ. ಹುಡುಗಿಯರೂ ಪಂಕ್ಚರು ಹಾಕಲು ಕಲಿಯಲಿ.

ಜತ್, ಅಕ್ಕಲಕೋಟೆ, ಮಡಕಶಿರದ ಬಂಧುಗಳೇ, ನಿಮ್ಮಲ್ಲಿ ಆನೆ ಇಲ್ಲದಿರಬಹುದು. ದೂರ ಇದೆ, ಬೆಳಗಿನ ಚಳಿ ಇದೆ, ಬಾಗಿಲಿಗೆ ಬರುವ ವ್ಯಾನೂ ಇದೆ. ನೀಲಗಿರಿಯ ಬಂಧುಗಳಿಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಚಳಿ. ಕಾಸರಗೋಡಿನವರಿಗೆ ಚಳಿಯ ಬದಲು ಮಳೆ. ಹೆಸರು ಬೇರೆ, ನೆಪ ಒಂದೇ. ನಿಮ್ಮ ಶಾಲೆಯಲ್ಲಿ ಈ ಮೂರು ತಿಂಗಳ ಹಾಜರಿಯನ್ನು ಬೇರೆಯಾಗಿ ಒಂದು ಹಾಳೆಯಲ್ಲಿ ಬರೆದು ನೋಡಿ. ಯಾರು ಬರುತ್ತಿಲ್ಲ, ಎಷ್ಟು ದೂರದವರು, ಅವರ ಸೈಕಲ್ ಯಾವ ಸ್ಥಿತಿಯಲ್ಲಿದೆ ಎಂದು ಪಕ್ಕದಲ್ಲಿ ಬರೆಯಿರಿ. ಆ ಹಾಳೆಯನ್ನು ಪೋಷಕರ ಸಭೆಯಲ್ಲಿ ಓದಿ, ಪಂಚಾಯಿತಿಗೆ ಕೊಡಿ, ಶಿಕ್ಷಣಾಧಿಕಾರಿಗೆ ಕೊಡಿ. ಚಳಿ ಹೆಚ್ಚು ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಹಾಳೆಯಲ್ಲಿ ಇದ್ದರೆ ಉತ್ತರ ಕೊಡಬೇಕಾಗುತ್ತದೆ.

ಪೋಷಕರೇ, ಮಂಜು ಎಂಟೂವರೆ, ಒಂಬತ್ತಕ್ಕೆ ಕರಗುತ್ತದೆ. ಒಮ್ಮೆ ಹೋದ ಕನ್ನಡ ವಿಭಾಗ ಬೇಸಿಗೆಗೆ ಮರಳುವುದಿಲ್ಲ. ನಾಳೆ ಬೆಳಿಗ್ಗೆ ಮಗುವಿಗೆ ಅಂಬಲಿ ಕುಡಿಸಿ, ಕಿವಿಗೆ ಮಫ್ಲರು ಸುತ್ತಿ, ಬ್ರೇಕು ಒಮ್ಮೆ ಒತ್ತಿ ನೋಡಿ ಕಳುಹಿಸಿ. ಮಿಕ್ಕದ್ದನ್ನು ಕೇಳಿ ಪಡೆಯಲು ನಾವೂ ನಿಮ್ಮ ಜೊತೆಗೆ ಬರುತ್ತೇವೆ.